ಮಾನಕ್ಕೆ ಎಷ್ಟು ಗಜ ಬಟ್ಟೆ?

ನಾನು ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯವಳು. ಹುಟ್ಟಿ ಬೆಳೆದದ್ದು ಗುಳೇದಗುಡ್ಡದ ಹತ್ತಿರ. ಮದುವೆಯಾಗಿ ತಳೇಗಾಂವಕ್ಕೆ ಬಂದು ಮೂವತ್ತು ವರ್ಷ ದಾಟಿತು. ಉಡುಗೆ ಮತ್ತು ಮಾನದ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ಸೀರೆ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. ಹನ್ನೆರಡು ನಿಮಿಷ ಒಂದು ಸೆರಗಿಗೂ ಸಾಲದು. ಆದರೂ ನೋಡೋಣ.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಬುತ್ತಿ ಮರೆತು ಹೋಗಿದ್ದೆ. ಅವ್ವ ಅದನ್ನು ತಗೊಂಡು ಶಾಲೆಗೇ ಬಂದಳು. ಉಟ್ಟದ್ದು ಕಚ್ಚೆ ಹಾಕಿದ ಇಳಕಲ್ ಸೀರೆ, ತೊಟ್ಟದ್ದು ನಮ್ಮೂರ ಕಡೆಯ ಖಣದ ಕುಬಸ. ಕಚ್ಚೆ ಸೀರೆಯಲ್ಲಿ ಹಿಂದಿನಿಂದ ಮೀನಖಂಡ ಕಾಣುತ್ತದೆ, ನಿಮಗೆ ಗೊತ್ತೇ ಇದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಸಂಜೆ ಮನೆಗೆ ಹೋದವಳೇ, "ಇನ್ನ ಮ್ಯಾಲೆ ಸಾಲಿಗೆ ಬರೂದಾದ್ರ ಕಚ್ಚಿ ಹಾಕ್ಕೊಂಡು ಬರಬ್ಯಾಡ" ಅಂದೆ. ಅವ್ವ ಏನೂ ಅನ್ನಲಿಲ್ಲ. ಮತ್ತೆ ಶಾಲೆಯ ಕಡೆ ಬರಲೂ ಇಲ್ಲ.

ಅದೇ ಅವ್ವ ಹಿರಿಯರ ಮುಂದೆ ಒಂದು ಸಲವೂ ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ತಲೆ ಬರಿದಾದರೆ ಅವಳಿಗೆ ಮಾನ ಹೋದಂತೆ. ಕಾಲಿನ ಚಿಂತೆ ಅವಳಿಗಿರಲಿಲ್ಲ. ಅದು ಹೊಲದಲ್ಲಿ ದುಡಿಯುವ ಕಾಲು. ನನಗೋ ತಲೆಯ ಚಿಂತೆಯಿಲ್ಲ, ಇರುವ ನಾಚಿಕೆಯೆಲ್ಲ ಕಾಲಿನದು. ಒಂದೇ ಮನೆಯಲ್ಲಿ, ಒಂದೇ ತಲೆಮಾರಿನಲ್ಲಿ, ನಾಚಿಕೆ ನೆತ್ತಿಯಿಂದಿಳಿದು ಮೀನಖಂಡಕ್ಕೆ ಬಂದು ಕೂತಿತ್ತು.

ತಳೇಗಾಂವಕ್ಕೆ ಬಂದ ಮೇಲೆ ನನಗೆ ಇನ್ನೊಂದು ಏಟು ಬಿತ್ತು. ಈ ಊರಿನ ಹೆಸರಿನಲ್ಲೇ ಇರುವ ದಾಭಾಡೆಯವರು ಮರಾಠರ ಸೇನಾಪತಿಗಳ ಮನೆತನ. ಆ ಮನೆಯ ಸೊಸೆ ಉಮಾಬಾಯಿ. 1729ರಲ್ಲಿ ಗಂಡ ಖಂಡೇರಾವ್ ತೀರಿಕೊಂಡರು. 1731ರಲ್ಲಿ ಡಭೋಯಿ ಕಾಳಗದಲ್ಲಿ ಪೇಶ್ವೆ ಬಾಜೀರಾಯನ ಸೇನೆಯೆದುರು ಮಗ ತ್ರಿಂಬಕರಾವ್ ಸತ್ತ. ಆಮೇಲೆ ಸೇನಾಪತಿಯ ಅಧಿಕಾರವನ್ನು ಈ ವಿಧವೆಯೇ ನಡೆಸಿದರು, ಗುಜರಾತಿಗೆ ದಂಡು ತಗೊಂಡು ಹೋದರು. ಅವರ ಸಮಾಧಿ ನಮ್ಮೂರಲ್ಲೇ ಇದೆ. ಕುದುರೆ ಏರುವ ಹೆಂಗಸಿಗೆ ಈ ಸೀಮೆಯಲ್ಲಿ ಕಚ್ಚೆ ಬಿಟ್ಟರೆ ಬೇರೆ ಉಡುಗೆ ಎಲ್ಲಿತ್ತು? ಮರಾಠಿಯವರು ಇದಕ್ಕೆ ನೌವಾರಿ ಅನ್ನುತ್ತಾರೆ, ಒಂಬತ್ತು ಗಜದ್ದು. ಶಾಲೆಯಲ್ಲಿ ನಾನು ನಾಚಿಕೊಂಡದ್ದು ಸೇನಾಪತಿಯ ಉಡುಗೆಗೆ.

ಇನ್ನು ನಿಮ್ಮನ್ನು ರೈಲಿನಲ್ಲಿ ಕರಕೊಂಡು ಹೋಗುತ್ತೇನೆ. ತಳೇಗಾಂವದಲ್ಲಿ ಲೋಣಾವಳಾ ಲೋಕಲ್ ಹತ್ತಿದರೆ ವಡಗಾಂವ, ಕಾನ್ಹೆ, ಕಾಮಶೇತ ದಾಟಿ ಮಳವಲಿ ಬರುತ್ತದೆ. ಸಣ್ಣ ಸ್ಟೇಷನ್ನು, ನಿದ್ದೆಗಣ್ಣಿನಲ್ಲಿದ್ದರೆ ತಪ್ಪಿಹೋಗುತ್ತದೆ. ಆದರೆ ಹೆಣ್ಣಿನ ಉಡುಗೆಯ ಎರಡು ಸಾವಿರ ವರ್ಷದ ಚರಿತ್ರೆ ಈ ಒಂದು ಸ್ಟೇಷನ್ನಿನ ಸುತ್ತಲೇ ಬಿದ್ದಿದೆ.

ಒಂದು ಕಡೆ ಗುಡ್ಡದ ಮೇಲೆ ಕಾರ್ಲೆಯ ಗುಹೆ, ಬೌದ್ಧರ ಚೈತ್ಯ. ಅವ್ವ ನಮ್ಮಲ್ಲಿಗೆ ಬಂದಾಗ ಏಕವೀರಾ ದೇವಿಯ ದರ್ಶನಕ್ಕೆಂದು ಕರಕೊಂಡು ಹೋಗಿದ್ದೆ. ದೇವಿಯ ಗುಡಿ ಚೈತ್ಯದ ಬಾಗಿಲ ಬುಡದಲ್ಲೇ ಇದೆ. ಕೈಮುಗಿದು ಹಾಗೇ ಗುಹೆಯ ಮೊಗಸಾಲೆಗೆ ಬಂದೆವು. ಅಲ್ಲಿ ಗೋಡೆಯ ಮೇಲೆ ಆಳೆತ್ತರದ ಜೋಡಿಗಳು, ಗಂಡು ಹೆಣ್ಣು ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದಾರೆ. ಗಂಡಿಗೆ ತಲೆಯ ಮೇಲೆ ದೊಡ್ಡ ರುಮಾಲು, ಎದೆ ಬರಿದು. ಹೆಣ್ಣಿಗೂ ಎದೆ ಬರಿದೇ. ಸೊಂಟದಲ್ಲಿ ಅಗಲವಾದ ಡಾಬು, ಕಿವಿಯಲ್ಲಿ ಭಾರದ ಓಲೆ, ಕಾಲಲ್ಲಿ ದಪ್ಪ ಕಡಗ. ಉಟ್ಟ ಬಟ್ಟೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು.

ನನಗೆ ಕಸಿವಿಸಿ. ಅವ್ವನನ್ನು ಬೇಗ ಒಳಗೆ ಕರಕೊಂಡು ಹೋಗೋಣ ಅಂತ ಕೈ ಹಿಡಿದೆ. ಅವಳು ಕದಲಲಿಲ್ಲ. ಕತ್ತೆತ್ತಿ ಆ ಹೆಣ್ಣನ್ನೇ ನೋಡಿ, "ಏನ್ ಬಂಗಾರ ಹೇರ್ಯಾರವ್ವಾ ಇಕಿ ಮೈಮ್ಯಾಲೆ! ಕಾಲಾಗಿನ ಕಡಗ ನೋಡು, ಹೆಂಗ ನಡೀತಿದ್ಳೋ!" ಅಂದಳು. "ಮೈಮ್ಯಾಲೆ ಅರಿವಿನ ಇಲ್ಲಲ್ಲಬೇ" ಅಂದೆ. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಅಕಿಗಿಲ್ಲದ ನಾಚಿಕಿ ನಿನಗ್ಯಾಕ?" ಅಂದಳು. ಈ ವಿಷಯದ ಮೇಲೆ ನಾನು ಎಷ್ಟೋ ಪುಸ್ತಕ ಓದಿದ್ದೇನೆ, ಇಷ್ಟು ನೇರವಾಗಿ ಕೇಳಿದವರು ಇನ್ನೊಬ್ಬರಿಲ್ಲ.

ಆ ಮೊಗಸಾಲೆಯಲ್ಲಿ ಬ್ರಾಹ್ಮಿ ಲಿಪಿಯ ಒಂದು ಶಾಸನವಿದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಮನೆಯನ್ನು ಮುಗಿಸಿಕೊಟ್ಟವನು ವೈಜಯಂತಿಯ ಶೆಟ್ಟಿ ಭೂತಪಾಲ, ಅನ್ನುವುದು ಅದರ ಸಾರಾಂಶ. ವೈಜಯಂತಿ ಯಾವ ಊರು ಗೊತ್ತೇ? ನಮ್ಮ ಬನವಾಸಿ! ವರದಾ ದಂಡೆಯ ವ್ಯಾಪಾರಿಯೊಬ್ಬ ಎರಡು ಸಾವಿರ ವರ್ಷದ ಕೆಳಗೆ ಇಷ್ಟು ದೂರ ಬಂದು, ದುಡ್ಡು ಸುರಿದು, ಸನ್ಯಾಸಿಗಳ ಪ್ರಾರ್ಥನೆಯ ಮನೆಯನ್ನು ಪೂರ್ತಿ ಮಾಡಿಸಿದ. ಬಾಗಿಲಲ್ಲೇ ಈ ಜೋಡಿಗಳಿರುವುದು ಅವನಿಗಾಗಲಿ ಭಿಕ್ಷುಗಳಿಗಾಗಲಿ ಇರುಸುಮುರುಸು ಅನಿಸಲಿಲ್ಲ. ಕೆಲವು ಶತಮಾನ ಕಳೆದ ಮೇಲೆ ಅದೇ ಗೋಡೆಗೆ ಬುದ್ಧನ ಮೂರ್ತಿಗಳನ್ನು ಕೆತ್ತಿದರು. ಆಗಲೂ ಜೋಡಿಗಳನ್ನು ಅಳಿಸಲಿಲ್ಲ. ಅವುಗಳ ನಡುವೆಯೇ ಬುದ್ಧನಿಗೆ ಜಾಗ ಮಾಡಿದರು.

ನಡುವಿನ ಶತಮಾನಗಳನ್ನು ಓಡಿಸಿಬಿಡುತ್ತೇನೆ. 981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ದಿಗಂಬರ ಗೊಮ್ಮಟನನ್ನು ನಿಲ್ಲಿಸಿದ. ಇವತ್ತಿಗೂ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ನೋಡುತ್ತೇವೆ, ಯಾರೂ ಕಣ್ಣು ಮುಚ್ಚುವುದಿಲ್ಲ. ಬೇಲೂರು, ಹಳೇಬೀಡಿನ ಕಲ್ಲಿನ ದೇವಿಯರಿಗೆ ಒಡವೆಯೇ ಕುಬಸ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಟ್ಟದ್ದನ್ನು ಬಿಸುಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದಳು. ಎಲ್ಲ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಅಂತ ಅಲ್ಲಮ ಕೇಳಿದ. ನೋಡುವವರಿಗೆ ನೋವಾಗಬಾರದೆಂದು, ಅನ್ನುವ ಅರ್ಥದ ಉತ್ತರ ಕೊಟ್ಟಳು. ಅಕ್ಕನ ಮಾತಿನಲ್ಲಿ ನಾಚಿಕೆ ಅವಳದಲ್ಲ, ಎದುರಿಗಿದ್ದವರದು.

ಈಗ ಮತ್ತೆ ರೈಲಿಗೆ. 1858ರಲ್ಲಿ ಖಂಡಾಲಾದಿಂದ ಪುಣೆಯವರೆಗೆ ಹಳಿ ಬಿತ್ತು, ತಳೇಗಾಂವಕ್ಕೆ ರೈಲು ಬಂತು. ನಾನು ಈಗ ಉಟ್ಟಿರುವಂಥ ಸೀರೆ, ಅಂದರೆ ಒಳಲಂಗ, ಬ್ಲೌಸು, ಮುಂದೆ ನಿರಿಗೆ, ಎಡ ಹೆಗಲ ಮೇಲೆ ಸೆರಗು, ಯಾವುದನ್ನು ನಾವು 'ನಮ್ಮ ಸನಾತನ ಉಡುಗೆ' ಅಂತ ಎದೆ ತಟ್ಟಿಕೊಳ್ಳುತ್ತೇವೋ ಅದು ನಮ್ಮೂರ ರೈಲಿಗಿಂತ ಚಿಕ್ಕದು! ಅದನ್ನು ರೂಢಿಗೆ ತಂದವರಲ್ಲಿ ದೊಡ್ಡ ಹೆಸರು ಜ್ಞಾನದಾನಂದಿನಿ ದೇವಿ, ರವೀಂದ್ರನಾಥ ಠಾಕೂರರ ಅತ್ತಿಗೆ.

ಈಕೆಯ ಗಂಡ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ. 1864ರಲ್ಲಿ ಹೆಂಡತಿಯನ್ನು ಮುಂಬಯಿಗೆ ಕರಕೊಂಡು ಹೊರಟರು. ಆಗ ಬಂಗಾಳದ ದೊಡ್ಡ ಮನೆಗಳ ಹೆಂಗಸರು ಕುಬಸವಿಲ್ಲದೆ ಒಂದೇ ಸೀರೆ ಸುತ್ತಿಕೊಳ್ಳುತ್ತಿದ್ದರು. ಮನೆಯ ಹೊಸ್ತಿಲು ದಾಟದವರಿಗೆ ಅಷ್ಟು ಸಾಕಾಗಿತ್ತು. ಹೊಸ್ತಿಲು ದಾಟುವವಳು ಏನು ಉಡಬೇಕು? ಸತ್ಯೇಂದ್ರನಾಥರು ಫ್ರೆಂಚ್ ಅಂಗಡಿಯೊಂದರಲ್ಲಿ ವಿಚಿತ್ರವಾದ ಒಂದು ದಿರಿಸು ಹೊಲಿಸಿದರು. ಅದನ್ನು ತೊಡಲು ಆಕೆಗೆ ಒಬ್ಬಳಿಂದಲೇ ಆಗುತ್ತಿರಲಿಲ್ಲ. ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವ ರೀತಿ ನೋಡಿದ ಮೇಲೆ ಆಕೆಗೆ ದಾರಿ ಕಂಡಿತು. ಅವರ ಸೆರಗು ಬಲ ಹೆಗಲಿಗೆ. ಈಕೆ ಬಲಗೈ ಬಿಡುವಾಗಿರಲಿ ಅಂತ ಎಡಕ್ಕೆ ಹಾಕಿಕೊಂಡರು. ಊರಿಗೆ ಮರಳಿದ ಮೇಲೆ, ಕಲಿಯಬೇಕೆನ್ನುವವರಿಗೆ ಕಲಿಸಿಕೊಡುತ್ತೇನೆ ಅಂತ ಬಾಮಾಬೋಧಿನಿ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟರು. ಮುಂದೆ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಾರವಾರದ ಕಡಲ ದಂಡೆಗೆ ರವೀಂದ್ರರ ಹೆಸರಿಟ್ಟು ನೆನೆಯುತ್ತೇವಲ್ಲ, ಅವರು ಅಲ್ಲಿಗೆ ಬಂದದ್ದು ಈ ಅಣ್ಣನ ಮನೆಗೆ. ಅತ್ತಿಗೆಯನ್ನು ನೆನೆಯುವವರು ಯಾರೂ ಇಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿರಿಗೆ ಹಿಡಿಯುವಾಗ ನಾವೆಲ್ಲ ಆಕೆ ಹೇಳಿಕೊಟ್ಟ ಪಾಠವನ್ನೇ ಒಪ್ಪಿಸುತ್ತೇವೆ.

ಮನುಷ್ಯರು ಕುಬಸ ತೊಟ್ಟ ಮೇಲೆ ದೇವರನ್ನು ಹಾಗೇ ಬಿಡುವುದು ಹೇಗೆ? ಮಳವಲಿಯ ಎರಡನೆಯ ಕಥೆ ಅದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಮಳವಲಿಗೆ ಬಂತು, ಕಾರ್ಲೆಯ ಗುಡ್ಡ ಕಾಣುವಷ್ಟು ಹತ್ತಿರಕ್ಕೆ. ಲಕ್ಷ್ಮಿ, ಸರಸ್ವತಿಯರು ಸೀರೆಯುಟ್ಟು, ಮೈತುಂಬ ಕುಬಸ ತೊಟ್ಟು ಚಿತ್ರಪಟವಾಗಿ ದೇಶದ ಮನೆಮನೆಗೆ ಹೋದದ್ದು ಇಲ್ಲಿಂದ. ನಮ್ಮ ಅಜ್ಜಿಯ ದೇವರ ಗೂಡಿನಲ್ಲಿದ್ದ ಲಕ್ಷ್ಮಿ ಆ ಮನೆಯ ಸೊಸೆಯ ಹಾಗೆಯೇ ಇದ್ದಳು. ಗುಡ್ಡದ ಮೇಲೆ ಬನವಾಸಿಯ ಶೆಟ್ಟಿಯ ಕಾಲದ ಬರಿಮೈ ಹೆಣ್ಣು, ಬುಡದಲ್ಲಿ ಸೀರೆಯುಟ್ಟ ಲಕ್ಷ್ಮಿ. ಒಂದೇ ಸ್ಟೇಷನ್ನು! 1972ರಲ್ಲಿ ಆ ಪ್ರೆಸ್ಸಿಗೆ ಬೆಂಕಿ ಬಿತ್ತು. ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಈ ಪ್ರೆಸ್ಸಿಗೆ ಕೆಲಕಾಲ ಕೆಲಸ ಮಾಡಿದವರು ದಾದಾಸಾಹೇಬ ಫಾಲ್ಕೆ. 1913ರಲ್ಲಿ ತೆರೆಗೆ ಬಂದ 'ರಾಜಾ ಹರಿಶ್ಚಂದ್ರ' ತೆಗೆಯಲು ಅವರು ಹೊರಟಾಗ ಕ್ಯಾಮೆರಾ ಮುಂದೆ ನಿಲ್ಲಲು ಒಬ್ಬ ಹೆಂಗಸೂ ಒಪ್ಪಲಿಲ್ಲ, ಮಾನದ ಪ್ರಶ್ನೆ. ಕೊನೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಅನ್ನುವ ಯುವಕ ತಾರಾಮತಿಯಾದ. ಆ ಚಿತ್ರದಲ್ಲಿ ರಾಣಿಯೂ ಸಖಿಯರೂ ಕೊಳದಲ್ಲಿ ಒದ್ದೆ ಸೀರೆಯಲ್ಲಿ ಆಡುವ ದೃಶ್ಯವಿದೆ, ಅಷ್ಟೂ ಜನ ಗಂಡಸರು! ಅದೇ ವರ್ಷ ಅವರ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾ ಅಭಿನಯಿಸಿದರು. ಬಾಗಿಲು ತೆರೆಯಿತು.

ಹಾಗಾದರೆ ಹಿಂದೆ ಎಲ್ಲ ಮುಕ್ತವಾಗಿತ್ತು, ನಾವೇ ಕೆಟ್ಟೆವು ಅಂದುಕೊಳ್ಳಬೇಡಿ. ತಿರುವಾಂಕೂರಿನಲ್ಲಿ ಕೆಳಗಿನವರು ಅನಿಸಿಕೊಂಡ ಜಾತಿಯ ಹೆಂಗಸರಿಗೆ ಎದೆ ಮುಚ್ಚಿಕೊಳ್ಳುವ ಹಕ್ಕೇ ಇರಲಿಲ್ಲ. ನಾಡಾರ್ ಹೆಂಗಸರು ದಶಕಗಟ್ಟಲೆ ಹೊಡೆತ ತಿಂದು ಹೋರಾಡಿದ ಮೇಲೆ 1859ರಲ್ಲಿ ಅಪ್ಪಣೆ ಹೊರಟಿತು. ಅದರಲ್ಲೂ ಮೇಲ್ಜಾತಿಯವರ ಹಾಗೆ ತೊಡಕೂಡದು ಅನ್ನುವ ಕಟ್ಟಳೆ. ನಮ್ಮಲ್ಲೇ ನೋಡಿ: ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದೆಯಲ್ಲಿ ಮಿಂದು ರೇಣುಕಾಂಬೆಯ ಗುಡ್ಡಕ್ಕೆ ಬೆತ್ತಲೆ ನಡೆಯಬೇಕಿತ್ತು. ಅವರಲ್ಲಿ ಹೆಚ್ಚಿನವರು ಬಡವರು, ದಲಿತ ಹೆಂಗಸರು. 1986ರಲ್ಲಿ ತಡೆಯಹೋದ ಕಾರ್ಯಕರ್ತರು ಮತ್ತು ಪೊಲೀಸರ ಮೇಲೆ ದೊಡ್ಡ ದಾಂಧಲೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಕ ಬಟ್ಟೆ ಬಿಟ್ಟದ್ದು ಅವಳ ಇಷ್ಟ. ಚಂದ್ರಗುತ್ತಿಯವರು ಬಿಟ್ಟದ್ದು ದೇವಿ ಮುನಿದಾಳೆಂಬ ಭಯಕ್ಕೆ. ನೋಡುವ ಕಣ್ಣಿಗೆ ಎರಡೂ ಬೆತ್ತಲೆಯೇ. ನನಗೆ ಮಾತ್ರ ಒಂದು ಬಿಡುಗಡೆ, ಒಂದು ಹಿಂಸೆ. ಮಾನವನ್ನು ಗಜಕಡ್ಡಿಯಿಂದ ಅಳೆಯಲು ಬರುವುದಿಲ್ಲ. ಆ ಕಡ್ಡಿ ಯಾರ ಕೈಯಲ್ಲಿದೆ ಅಂತ ಮೊದಲು ನೋಡಬೇಕು.

ಕಡ್ಡಿ ಇನ್ನೂ ಕೈಯಿಂದ ಕೈಗೆ ಹೋಗುತ್ತಲೇ ಇದೆ. 2025ರ ಜುಲೈಯಿಂದ ಏಕವೀರಾ ಗುಡಿಯಲ್ಲಿ ಉಡುಪಿನ ನಿಯಮ ಬಂದಿದೆ. ತುಂಡು ಲಂಗ, ಹರಕು ಜೀನ್ಸ್ ನಡೆಯುವುದಿಲ್ಲ. ನಿಯಮ ಗಂಡಸರಿಗೂ ಇದೆ. ಉಡುಪಿಯ ಕೃಷ್ಣನ ಮುಂದೆ ಗಂಡಸರು ಅಂಗಿ ಬಿಚ್ಚಿ ಹೋಗಬೇಕು. ಗುಡಿಗೆ ಹೋಗುವವರು ಗುಡಿಯ ರೀತಿ ಪಾಲಿಸಲಿ, ತಕರಾರಿಲ್ಲ. ಆದರೆ ಮೆಟ್ಟಿಲು ಹತ್ತಿ ನಿಯಮ ಓದಿದವರು ಹತ್ತು ಹೆಜ್ಜೆ ಆಚೆ ಹೋಗಿ ಗೋಡೆಯ ಮೇಲಿನ ಆ ಜೋಡಿಗಳನ್ನೂ ನೋಡಿ ಬರಲಿ. ಅವರೂ ಎರಡು ಸಾವಿರ ವರ್ಷದಿಂದ ಅದೇ ಬೆಟ್ಟದಲ್ಲಿದ್ದಾರೆ.

ಕೊನೆಗೆ ನನ್ನ ಮಾತು. ನನ್ನ ಮಗಳು ಗಣಪತಿ ಮೆರವಣಿಗೆಯಲ್ಲಿ ಢೋಲು ಬಾರಿಸುತ್ತಾಳೆ. ಹೋದ ವರ್ಷ ರೆಡಿಮೇಡ್ ನೌವಾರಿ ತಂದಳು. ಕಚ್ಚೆ, ನಿರಿಗೆ ಎಲ್ಲ ಹೊಲಿದೇ ಬರುತ್ತದೆ, ಪೈಜಾಮದ ಹಾಗೆ ಕಾಲು ತೂರಿಸಿದರೆ ಆಯಿತು. ಮೀನಖಂಡ ಕಾಣುವಂತೆ ಉಟ್ಟು, ಸೊಂಟಕ್ಕೆ ಢೋಲು ಬಿಗಿದುಕೊಂಡು, "ಹೇಗಿದೆ?" ಅಂತ ಹೆಮ್ಮೆಯಿಂದ ಕೇಳಿದಳು. ಆಮೇಲೆ ಪೆಟ್ಟಿಗೆಯಿಂದ ಅವ್ವನ ಇಳಕಲ್ ಸೀರೆ ತೆಗೆದು ನನ್ನ ಮುಂದೆ ಹಿಡಿದು, "ಅಜ್ಜಿ ಹಾಕುತ್ತಿದ್ದ ನಿಜವಾದ ಕಚ್ಚೆ ಹಾಕಿ ಉಡಿಸು" ಅಂದಳು. ನನಗೆ ಬರುವುದಿಲ್ಲ. ಅವ್ವ ಕಲಿಸಲು ಕರೆದಾಗಲೆಲ್ಲ ನಾನು ಬೇಡ ಅಂದಿದ್ದೆ. ಈಗ ಅವ್ವ ಇಲ್ಲ.

ನಿಮ್ಮ ಮನೆಯಲ್ಲಿ ಕಚ್ಚೆ ಹಾಕಬಲ್ಲ ಅವ್ವನೋ ಅಜ್ಜಿಯೋ ಇದ್ದರೆ, ರೇಡಿಯೋ ಆರಿಸಿ, ಹೋಗಿ ಅವರ ಹತ್ತಿರ ಕಲಿಯಿರಿ.