ಫೈವ್ ಪಾಯಿಂಟ್ಸ್‌ನ ಹೆಜ್ಜೆಗಳು



ಟ್ಯಾಪ್ ಡ್ಯಾನ್ಸ್ ನೋಡಿರುತ್ತೀರಿ. ಬೂಟಿನ ಅಡಿಗೆ ಲೋಹದ ಬಿಲ್ಲೆ ಬಡಿದುಕೊಂಡು ಹಲಗೆಯ ಮೇಲೆ ಟಕಟಕನೆ ಕುಣಿಯುವ ಕುಣಿತ. ಅಲ್ಲಿ ಕಾಲೇ ಮದ್ದಳೆ. ಅದರ ಹುಟ್ಟು ಹುಡುಕುತ್ತ ಹೋದರೆ ನ್ಯೂಯಾರ್ಕಿನ ಒಂದು ಕೊಳಕು ಕೇರಿ ಸಿಗುತ್ತದೆ: ಫೈವ್ ಪಾಯಿಂಟ್ಸ್.

ಕೆರೆ ಮುಚ್ಚಿ ಎಬ್ಬಿಸಿದ ಬಡಾವಣೆ ಅದು. ಅಂಥ ಮನೆಗಳ ಪಾಡು ನಮಗೇನೂ ಹೊಸದಲ್ಲ ಬಿಡಿ. ನೆಲ ಕುಸಿಯಿತು, ಉಳ್ಳವರು ಜಾಗ ಖಾಲಿ ಮಾಡಿದರು, ಇಲ್ಲದವರು ಬಂದು ಸೇರಿಕೊಂಡರು. 1840ರ ದಶಕದಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಬಡವರೂ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಅಲ್ಲಿ ಒಂದೇ ಓಣಿಯವರು. ರಾತ್ರಿಯಾದರೆ ನೆಲಮಾಳಿಗೆಯ ಹೆಂಡದಂಗಡಿಗಳಲ್ಲಿ ಕುಣಿತ.

ಐರಿಷರು ತಂದದ್ದು ಜಿಗ್. ಸೊಂಟದ ಮೇಲೆ ಮೈ ಅಲುಗದು, ಕಾಲಿನದೇ ಮಾತೆಲ್ಲ. ಆಫ್ರಿಕಾ ಮೂಲದವರಿಗೆ ಇಡೀ ಮೈಯೇ ಲಯ. ದಕ್ಷಿಣ ಕೆರೊಲಿನಾದಲ್ಲಿ 1739ರ ಗುಲಾಮರ ದಂಗೆಯ ಮರುವರ್ಷವೇ ಡೋಲಿಗೆ ಕಾನೂನಿನ ನಿಷೇಧ ಬಂದಿತ್ತು. ಡೋಲು ಹೋದರೇನು, ತೊಡೆ, ಎದೆ, ಅಂಗೈ ಇದ್ದವಲ್ಲ! ಹಾಗೆ ಮೈಮೇಲೇ ಬಾರಿಸುವ ತಾಳಕ್ಕೆ ಜೂಬಾ ಎನ್ನುತ್ತಿದ್ದರು.

ಫೈವ್ ಪಾಯಿಂಟ್ಸ್‌ನ ಕಪ್ಪು ಹುಡುಗ ವಿಲಿಯಂ ಹೆನ್ರಿ ಲೇನ್ ಈ ಎರಡನ್ನೂ ಅರಗಿಸಿಕೊಂಡು 'ಮಾಸ್ಟರ್ ಜೂಬಾ' ಆದ. ಅವನ ಎದುರಾಳಿ ಐರಿಷ್ ಮೂಲದ ಜಾನ್ ಡೈಮಂಡ್. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಕುಣಿತ ಕುಣಿದೇ ಹೆಸರು ಮಾಡಿದ್ದವನು ಅವನು. 1844ರಲ್ಲಿ ಇಬ್ಬರಿಗೂ ಜಿದ್ದಾಜಿದ್ದಿ. ಲೇನ್‌ನದೊಂದು ತಮಾಷೆಯ ವರಸೆ ಇತ್ತು. ಹೆಸರಾಂತ ನರ್ತಕರನ್ನೆಲ್ಲ ಒಬ್ಬೊಬ್ಬರಾಗಿ ಅನುಕರಿಸಿ, ಕಡೆಗೆ 'ಇನ್ನು ನನ್ನದೇ ಅನುಕರಣೆ' ಎಂದು ತನ್ನ ಕುಣಿತ ಶುರುಮಾಡುವುದು. 1848ರಲ್ಲಿ ಲಂಡನ್ನಿನವರೂ ಅವನನ್ನು ಕಂಡು ಬೆರಗಾದರು.

ಕಲೆ ಜನರನ್ನು ಒಂದುಗೂಡಿಸುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ 1863ರ ಜುಲೈಯಲ್ಲಿ ಅದೇ ನ್ಯೂಯಾರ್ಕಿನಲ್ಲಿ, ಅಮೆರಿಕದ ಅಂತರ್ಯುದ್ಧಕ್ಕಾಗಿ ನಡೆದ ಕಡ್ಡಾಯ ಸೇನಾಭರ್ತಿಯ ವಿರುದ್ಧ ಗಲಭೆ ಎದ್ದಿತು. ಮುನ್ನೂರು ಡಾಲರ್ ಕಟ್ಟಬಲ್ಲವನು ಯುದ್ಧಕ್ಕೆ ಹೋಗಬೇಕಿರಲಿಲ್ಲ; ಆ ಸಿಟ್ಟನ್ನು ಬಡ ಐರಿಷರು ತೀರಿಸಿಕೊಂಡದ್ದು ಕಪ್ಪು ಜನರ ಮೇಲೆ. ಕಂಡವರನ್ನು ಕೊಂದರು, ಕಪ್ಪು ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಒಬ್ಬರ ಹೆಜ್ಜೆ ಇನ್ನೊಬ್ಬರ ಕಾಲಿಗೆ ಬಂದಷ್ಟು ಸುಲಭವಾಗಿ ಒಬ್ಬರ ನೋವು ಇನ್ನೊಬ್ಬರ ಎದೆಗೆ ಬಂದಿರಲಿಲ್ಲ.

1994ರಲ್ಲಿ ಡಬ್ಲಿನ್‌ನ ಯೂರೋವಿಷನ್ ಹಾಡಿನ ಸ್ಪರ್ಧೆಯ ವೇದಿಕೆಯಲ್ಲಿ ಏಳು ನಿಮಿಷದ ನೃತ್ಯವಾಗಿ ಹುಟ್ಟಿದ 'ರಿವರ್‌ಡ್ಯಾನ್ಸ್' ಮುಂದೆ ದೊಡ್ಡ ಪ್ರದರ್ಶನವಾಗಿ ಬೆಳೆಯಿತು. ಅದರಲ್ಲೊಂದು ಭಾಗವಿದೆ: ಐರಿಷ್ ನರ್ತಕರು, ಕಪ್ಪು ಅಮೆರಿಕನ್ ಟ್ಯಾಪ್ ನರ್ತಕರು ಎದುರುಬದುರು. ಒಬ್ಬರು ಹಾಕಿದ ಹೆಜ್ಜೆಯನ್ನು ಇನ್ನೊಬ್ಬರು ಅಣಕಿಸಿ, ಮೇಲೊಂದು ಸೇರಿಸಿ ಹಿಂದಿರುಗಿಸುತ್ತಾರೆ. ಅಂತರ್ಜಾಲದಲ್ಲಿ ಸಿಗುತ್ತದೆ, ಬಿಡುವಾದಾಗ ನೋಡಿ. ಕಾಲಿನ ಜೊತೆಗೆ ಅವರ ಕೈಗಳ ಮೇಲೂ ಒಂದು ಕಣ್ಣಿರಲಿ.