ಪಾರ್ಶ್ವವಾಯು ಬಾರದಂತೆ: ಜೊತೆಗಿರುವವರಿಗೆ ನಾಲ್ಕು ಮಾತು

(ರೋಗಿಗಳಿಗೆ ಹಾಗೂ ಅವರ ಬಂಧುಗಳಿಗಾಗಿ ಆಸ್ಪತ್ರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಲ್ಲಿ ಕುಳಿತಿರುವವರಲ್ಲಿ ಎರಡು ಬಗೆಯವರಿದ್ದೀರಿ. ಚೀಟಿ ಮಾಡಿಸಿಕೊಂಡು ವೈದ್ಯರನ್ನು ಕಾಣಲು ಬಂದವರು ಕೆಲವರು. ವಾರ್ಡಿನಲ್ಲಿ ಮಲಗಿರುವ ತಂದೆಗೋ ಅತ್ತೆಗೋ ಊಟ ತಂದು ಕೊಟ್ಟು, ರಾತ್ರಿಯೆಲ್ಲ ಪಕ್ಕದ ಸ್ಟೂಲಿನ ಮೇಲೆ ಕುಳಿತೇ ಬೆಳಗು ಮಾಡಿದವರು ಇನ್ನು ಕೆಲವರು. ನಾನು ಇವತ್ತು ಹೆಚ್ಚಾಗಿ ಮಾತನಾಡಬೇಕೆಂದಿರುವುದು ಈ ಎರಡನೆಯವರ ಜೊತೆ. ಮಲಗಿರುವವರ ಬಿ.ಪಿ.ಯನ್ನು ನರ್ಸ್ ದಿನಕ್ಕೆ ಮೂರು ನಾಲ್ಕು ಸಲ ನೋಡಿ ಚಾರ್ಟಿನಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ಕುಳಿತ ನಿಮ್ಮ ಬಿ.ಪಿ.ಯನ್ನು ಕೊನೆಯ ಸಲ ನೋಡಿದ್ದು ಯಾವಾಗ? ನೆನಪಿಗೆ ಬರುತ್ತಿಲ್ಲವೆಂದರೆ ಈ ಮಾತು ನಿಮಗಾಗಿಯೇ.

ಲಕ್ವ ಹೊಡೆಯಿತು, ಸ್ಟ್ರೋಕ್ ಆಯಿತು, ಪಾರ್ಶ್ವವಾಯು ಬಂತು ಎನ್ನುತ್ತೇವೆ. ಎಲ್ಲವೂ ಒಂದೇ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ, ಆ ಭಾಗ ನಡೆಸುತ್ತಿದ್ದ ಕೆಲಸ ನಿಲ್ಲುತ್ತದೆ. ಕೈ ಬೀಳಬಹುದು, ಮಾತು ಹೋಗಬಹುದು, ಬಾಯಿ ಸೊಟ್ಟಗಾಗಬಹುದು. ನಾಳ ಕಟ್ಟಿಕೊಂಡು ಆಗುವುದೇ ಹೆಚ್ಚು. ಒಡೆದು ಆಗುವುದು ಅದಕ್ಕಿಂತ ಕಡಿಮೆ, ಆದರೆ ಹೆಚ್ಚು ಅಪಾಯಕಾರಿ. ಎರಡಕ್ಕೂ ದಾರಿ ಮಾಡಿಕೊಡುವುದು ಏರಿದ ರಕ್ತದೊತ್ತಡ. ನಮ್ಮ ಬಡಾವಣೆಗಳ ನೀರಿನ ಪೈಪು ನಿಮಗೆ ಗೊತ್ತು. ವರ್ಷಗಟ್ಟಲೆ ಹೆಚ್ಚು ಒತ್ತಡದಲ್ಲಿ ನೀರು ಹರಿದರೆ ಜಾಯಿಂಟು ಸಡಿಲವಾಗುತ್ತದೆ, ಒಂದು ದಿನ ಒಡೆಯುತ್ತದೆ. ರಕ್ತನಾಳ ಪೈಪಿನ ಹಾಗಲ್ಲ, ಅದು ಜೀವಂತ ವಸ್ತು. ಒತ್ತಡಕ್ಕೆ ಗೋಡೆ ದಪ್ಪವಾಗುತ್ತದೆ, ಒರಟಾಗುತ್ತದೆ, ಕೊಬ್ಬು ಅಲ್ಲಿ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ಆಗುವಾಗ ನಿಮಗೆ ನೋವೇನೂ ಆಗುವುದಿಲ್ಲ. ತೊಡಕಿರುವುದು ಅಲ್ಲೇ.

2016ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. 32 ದೇಶಗಳ ಸುಮಾರು 27,000 ಜನರನ್ನು ಅದರಲ್ಲಿ ಪರಿಶೀಲಿಸಿದ್ದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಅದರಲ್ಲಿ ಪಾಲ್ಗೊಂಡಿದ್ದರು. ಪಾರ್ಶ್ವವಾಯುವಿನ ಅಪಾಯದಲ್ಲಿ ನೂರಕ್ಕೆ ಸುಮಾರು 90 ಪಾಲು ಹತ್ತು ಕಾರಣಗಳಿಂದ ಬರುತ್ತದೆ, ಆ ಹತ್ತನ್ನೂ ಹತೋಟಿಗೆ ತರಬಹುದು ಎಂದು ಅದು ತೋರಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ, ಕೊಬ್ಬು, ಹೊಟ್ಟೆಯ ಬೊಜ್ಜು, ಊಟದ ರೀತಿ, ಮೈಗೆ ಕೆಲಸವಿಲ್ಲದಿರುವುದು, ಮನಸ್ಸಿನ ಒತ್ತಡ, ಹೃದಯದ ತೊಂದರೆ, ಇವೇ ಆ ಹತ್ತು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಕ್ತದೊತ್ತಡ. ಹಣೆಬರಹ ಎಂದು ಕೈ ಚೆಲ್ಲುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1937ರಲ್ಲಿ ಅವರ ಬಿ.ಪಿ. 162/98 ಇತ್ತು. 1941ರಲ್ಲಿ 188/105 ಆಯಿತು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದವರು ಕುಸಿದರು. ಆಗ ನೋಡಿದರೆ ಬಿ.ಪಿ. 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅದೇ ದಿನ ತೀರಿಕೊಂಡರು. ವಯಸ್ಸು 63. ಪಕ್ಕದಲ್ಲೇ ಹೃದಯ ತಜ್ಞರಿದ್ದರು, ದಿನವೂ ಬಿ.ಪಿ. ನೋಡುತ್ತಿದ್ದರು. ಇಲ್ಲದಿದ್ದದ್ದು ಮಾತ್ರೆ ಮಾತ್ರ. ಬಿ.ಪಿ. ಇಳಿಸಿ ದಿನವೂ ನುಂಗಬಹುದಾದ ಒಳ್ಳೆಯ ಮಾತ್ರೆ ಬಂದದ್ದು 1950ರ ದಶಕದ ಕೊನೆಗೆ. ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿಗೆ ಸಿಗದ ಆ ಮಾತ್ರೆ ಇವತ್ತು ರಾಜಾಜಿನಗರದ ಯಾವುದೇ ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಆದರೂ ನಾವು ಬಿಡುತ್ತೇವೆ.

ಯಾಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. "ತಲೆನೋವಿಲ್ಲ, ತಲೆ ಸುತ್ತುವುದಿಲ್ಲ, ಅದಕ್ಕೇ ಬಿಟ್ಟೆ ಡಾಕ್ಟ್ರೇ." ಬಿ.ಪಿ. ಏರಿದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. "ಹೋದ ಸಲ ನಾರ್ಮಲ್ ಬಂತಲ್ಲ." ನಾರ್ಮಲ್ ಬಂದದ್ದೇ ಮಾತ್ರೆಯಿಂದ! ಕೊಡೆ ಹಿಡಿದದ್ದರಿಂದ ನೆನೆಯಲಿಲ್ಲ, ನೆನೆಯಲಿಲ್ಲವೆಂದು ಮಳೆಯಲ್ಲೇ ಕೊಡೆ ಮಡಚಿದ ಹಾಗಾಯಿತು. "ಅಭ್ಯಾಸವಾಗಿಬಿಡುತ್ತದಂತೆ, ಕಿಡ್ನಿ ಹೋಗುತ್ತದಂತೆ." ಕಿಡ್ನಿ ಕೆಡಿಸುವುದು ಹತೋಟಿಯಿಲ್ಲದ ಬಿ.ಪಿ. ಮಾತ್ರೆಯಿಂದ ಕಾಲು ಊದುವುದು, ಕೆಮ್ಮು ಬರುವುದು ಕೆಲವರಿಗೆ ಉಂಟು. ಹಾಗಾದರೆ ಬಂದು ಹೇಳಿ, ಬೇರೆ ಮಾತ್ರೆ ಇದೆ. ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೆ ಹೋಗುತ್ತದೆ.

ಮೇಲಿನ ಅಂಕಿ 10ರಷ್ಟು ಇಳಿದರೂ ಪಾರ್ಶ್ವವಾಯುವಿನ ಸಂಭವ ಸುಮಾರು ಕಾಲು ಭಾಗ ತಗ್ಗುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಬಿ.ಪಿ. ಇದೆ ಎಂದರ್ಥ. ನಿಮ್ಮ ಗುರಿ ಎಷ್ಟಿರಬೇಕೆಂದು ವೈದ್ಯರನ್ನೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಇನ್ನು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚದಷ್ಟು. ಈ ಮಾತು ಅಡಿಗೆಮನೆಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಯಾರೂ ಸಾರಿಗೆ ತೂಕ ಮಾಡಿ ಉಪ್ಪು ಹಾಕುವುದಿಲ್ಲ. ಹೀಗೆ ಮಾಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಗರಿಷ್ಠ 600 ಗ್ರಾಂ. ಒಂದು ಕೆ.ಜಿ. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಐವತ್ತು ದಿನ ಬರಬೇಕು. ಮೂವತ್ತು ದಿನಕ್ಕೇ ಮುಗಿದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಇದರಲ್ಲಿ ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು, ಸಂಜೆಯ ಮಿಕ್ಸ್ಚರ್ ಇವುಗಳ ಉಪ್ಪು ಸೇರಿಲ್ಲ. ಮುದ್ದೆ, ಜೋಳದ ರೊಟ್ಟಿ ಎರಡೂ ಒಳ್ಳೆಯ ಊಟವೇ. ಉಪ್ಪು ಇರುವುದು ಜೊತೆಗೆ ಬರುವ ಉಪ್ಸಾರಿನಲ್ಲಿ, ಚಟ್ನಿಪುಡಿಯಲ್ಲಿ, ಮಜ್ಜಿಗೆಗೆ ಬೀಳುವ ಎರಡನೇ ಚಿಟಿಕೆಯಲ್ಲಿ. ಸೈಂಧವ ಲವಣ ಬಳಸುತ್ತೇವೆ, ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಅದೂ ಉಪ್ಪೇ. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಬೀಡಿ, ಸಿಗರೇಟು ಬಿಡಬೇಕೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವ ತಾಯಂದಿರು ಅದನ್ನು ತಂಬಾಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೂ ತಂಬಾಕು. ನಡಿಗೆ ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ, ಸ್ವಲ್ಪ ಬೆವರುವಷ್ಟು ಬಿರುಸಾಗಿ. ಪಾರ್ಕಿಗೆ ಹೋಗಲು ಬಿಡುವಿಲ್ಲದವರು ಮೆಟ್ರೋ ಸ್ಟೇಷನ್ನಿಗೆ ಆಟೋ ಬಿಟ್ಟು ನಡೆದು ಹೋಗಿ, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹತೋಟಿಯಲ್ಲಿಡಿ. ಎದೆ ಲಯ ತಪ್ಪಿ ಹೊಡೆದುಕೊಳ್ಳುತ್ತದೆ ಅನಿಸಿದರೆ ಒಂದು ಇ.ಸಿ.ಜಿ. ಮಾಡಿಸಿ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗುವುದುಂಟು.

ಇಷ್ಟು ಮಾಡಿಯೂ ಬಂದುಬಿಟ್ಟರೆ? ಮುಖ ಒಂದು ಕಡೆ ಜೋತು ಬೀಳುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಅಥವಾ ತೂಕ ತಪ್ಪಿ ನಡೆಯುವುದು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಲಾಭ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ. ಕೆಂಗೇರಿಯಿಂದ ಹೊರಟು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ನಿಮಗೇ ಗೊತ್ತು. ಅಣ್ಣ ಕೆಲಸದಿಂದ ಬರಲಿ, ಊರಿನಿಂದ ಚಿಕ್ಕಪ್ಪ ಬಂದು ತೀರ್ಮಾನಿಸಲಿ ಎಂದು ಕಾಯಬೇಡಿ. ಎಣ್ಣೆ ತಿಕ್ಕಿಸಲು ಊರಿಗೆ ಕರೆದೊಯ್ಯಬೇಡಿ. ನುಂಗುವ ಶಕ್ತಿ ಹೋಗಿರಬಹುದು, ಆದ್ದರಿಂದ ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತೆಂದರೂ ಅದೇ ದಿನ ಬನ್ನಿ. ದೊಡ್ಡದು ಬರುವ ಮುನ್ನ ಕೆಲವರಿಗೆ ಹೀಗೆ ಚಿಕ್ಕದು ಬಂದು ಹೋಗುತ್ತದೆ. ತಡವಾಯಿತೆಂದು ಮನೆಯಲ್ಲೇ ಉಳಿಯುವುದೂ ಬೇಡ. ತಡವಾಗಿ ಬಂದ ಕೆಲವರಿಗೂ ಮಾಡಬಹುದಾದ ಚಿಕಿತ್ಸೆ ಈಗ ಇದೆ.

ಕೊನೆಯದಾಗಿ, ಸ್ಟೂಲಿನ ಮೇಲೆ ಕುಳಿತವರಿಗೆ. ಮನೆಯವರನ್ನು ಅವಸರದಲ್ಲಿ ಆಸ್ಪತ್ರೆಗೆ ಸೇರಿಸಿದ ದಿನ ನೀವು ತಂದದ್ದು ಅವರ ಬಟ್ಟೆ, ಅವರ ರಿಪೋರ್ಟು, ಅವರ ಮಾತ್ರೆ. ನಿಮ್ಮ ಬಿ.ಪಿ. ಮಾತ್ರೆ ಮನೆಯ ಫ್ರಿಜ್ಜಿನ ಮೇಲೆ ಉಳಿದಿದೆ. ನಿದ್ದೆಯಿಲ್ಲ, ಊಟ ಹೊತ್ತಿಗಿಲ್ಲ, ಹಣದ ಚಿಂತೆ ಬೇರೆ. ಇಂಥ ನಾಲ್ಕೈದು ದಿನ ಮಾತ್ರೆ ತಪ್ಪುವುದು ಬಹಳ ಜನರಿಗೆ ಆಗುತ್ತದೆ, ಕೇಳಿದರೆ ತಲೆ ತಗ್ಗಿಸುತ್ತಾರೆ. ಬೈಯುವುದಿಲ್ಲ, ಹೇಳಿ. ಇವತ್ತು ಸಂಜೆ ಊಟ ತರುವವರಿಗೆ ಫೋನ್ ಮಾಡಿ ಮಾತ್ರೆಯನ್ನೂ ತರಿಸಿಕೊಳ್ಳಿ. ತಪ್ಪಿದ್ದಕ್ಕೆ ಎರಡೆರಡು ನುಂಗಬೇಡಿ, ಎಂದಿನ ಒಂದನ್ನೇ ಮುಂದುವರಿಸಿ.

ಎಂದೂ ಬಿ.ಪಿ. ನೋಡಿಸದವರು ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆ ವಾರ್ಡಿನ ನರ್ಸ್ ಹತ್ತಿರ ಹೋಗಿ ಕೇಳಿ. ಊಟದ ಡಬ್ಬಿ ಕೆಳಗಿಟ್ಟು, ಐದು ನಿಮಿಷ ಮಾತಾಡದೆ, ಪಾದಗಳನ್ನು ನೆಲಕ್ಕೆ ಊರಿ ಕುಳಿತು ತೋಳು ಕೊಡಿ. ಬಂದ ಅಂಕಿಯನ್ನು ಬರೆದುಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಮುಂದಿನ ಸಲ ನೋಡಿಸಲು ಇಲ್ಲಿಯವರೆಗೆ ಬರಲಾಗದಿದ್ದರೆ ನಿಮ್ಮ ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ಉಚಿತವಾಗಿ ನೋಡುತ್ತಾರೆ.