ನಡುಮನೆಯ ನವರಾತ್ರಿ

ಆಶ್ವಯುಜ ಮಾಸ ಬಂದಿತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಬೊಂಬೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ರಾಜಬೀದಿಯ ಹಬ್ಬ. ಬೊಂಬೆಯದು ನಡುಮನೆಯ ಹಬ್ಬ.

ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳದು. ತವರಿನವರು ಮದುವೆಯಲ್ಲಿ ಮಗಳಿಗೆ ಕೊಟ್ಟ ಮರದ ರಾಜ-ರಾಣಿಯರು ಅವು. ಕೆಳಗೆ ಚನ್ನಪಟ್ಟಣದ ಅರಗುಬಣ್ಣದ ಆಟಿಕೆಗಳು, ಮಣ್ಣಿನ ಶೆಟ್ಟಿ-ಶೆಟ್ಟಮ್ಮರ ಅಂಗಡಿ. ಸಂಜೆ ‘ಬೊಂಬೆ ಕೂರಿಸಿದ್ದೀರಾ?’ ಎಂದು ಬರುವ ನೆರೆಮನೆಯ ಮಕ್ಕಳಿಗೆ ಬೊಂಬೆ ಬಾಗಿನ: ಒಂದು ದಿನ ಕೊಬ್ಬರಿಮಿಠಾಯಿ, ಇನ್ನೊಂದು ದಿನ ಕಡಲೆ ಉಸಲಿ.

ನಮ್ಮ ಶೆಟ್ಟಮ್ಮನಿಗೆ ಒಂದು ಕೈಯಿಲ್ಲ. ಚಿಕ್ಕಂದಿನಲ್ಲಿ ಮುರಿದವಳು ನಾನೇ. ಅಜ್ಜಿ ಗದರಲಿಲ್ಲ, ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ ಕೂರಿಸಿದರು. ಅಜ್ಜಿ ತೀರಿಕೊಂಡ ಮೇಲೆ ‘ಇನ್ನು ಯಾರಿಗಾಗಿ ಬೊಂಬೆ?’ ಎಂದು ಅಮ್ಮ ಎರಡು ವರ್ಷ ಪೆಟ್ಟಿಗೆ ತೆರೆಯಲಿಲ್ಲ. ಮೂರನೆಯ ವರ್ಷ ಎದುರು ಮನೆಯ ಹುಡುಗಿ ಬಾಗಿಲಲ್ಲಿ ನಿಂತು, ‘ಕೈ ಮುರಿದ ಶೆಟ್ಟಮ್ಮ ಎಲ್ಲಿ?’ ಎಂದಳು. ಅಮ್ಮ ಮಾತಾಡದೆ ಅಟ್ಟಕ್ಕೆ ಏಣಿ ಹಾಕಿದರು.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸುತ್ತೇವೆ. ಮರುದಿನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತೇವೆ. ತಮ್ಮ ಮನೆಯಲ್ಲೂ ಕೈ ಮುರಿದ ಬೊಂಬೆಯಿದ್ದರೆ ಎಸೆಯಬೇಡಿ. ಮನೆಯ ಕಥೆ ಹೇಳುವುದು ಅದೇ.